ಬಾರ್ಡರ್‌ಲೈನ್ ಎಂದರೆ ಅಲ್ಪಸ್ವಲ್ಪ ಎಂದಲ್ಲ

ರಕ್ತಪರೀಕ್ಷೆಯ ವರದಿ ಹಿಡಿದು ‘ಬಾರ್ಡರ್‌ಲೈನ್ ಶುಗರ್ ಅಷ್ಟೇ’ ಎನ್ನುವ ತುಮಕೂರಿನ ರೂಢಿಯಲ್ಲಿ ತಪ್ಪೇನಿಲ್ಲ. ಕಾಯಿಲೆ ಇನ್ನೂ ಹೊಸ್ತಿಲು ದಾಟಿಲ್ಲ ಎಂಬುದು ಅಲ್ಲಿನ ಅರ್ಥ. ಅದೇ ಅರ್ಥವನ್ನು ಭಾವನೆಗಳೂ ಸಂಬಂಧಗಳೂ ತೀವ್ರವಾಗಿ ಏರುಪೇರಾಗುವ ಮಾನಸಿಕ ಕಾಯಿಲೆಯಾದ ‘ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್’ಗೂ ಅಂಟಿಸಿ, ‘ಬಾರ್ಡರ್‌ಲೈನ್ ತಾನೇ, ಹೊಂದಿಕೊಂಡು ಹೋಗಿ’ ಎಂದು ಕಾಯಿಲೆಯಿರುವವರ ಬಾಳಸಂಗಾತಿಗೆ ಬುದ್ಧಿ ಹೇಳುವುದನ್ನು ಮಾತ್ರ ಇನ್ನಾದರೂ ನಿಲ್ಲಿಸಬೇಕು.

1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಈ ಪದವನ್ನು ಬಳಸಿದಾಗ ಆತನ ಮನಸ್ಸಿನಲ್ಲಿದ್ದದ್ದು ಎರಡು ಬಗೆಯ ಕಾಯಿಲೆಗಳ ನಡುವಣ ಗಡಿ: ಈಚೆಗೆ ವಾಸ್ತವದ ಅರಿವು ಉಳಿದಿರುವ ನ್ಯೂರೋಸಿಸ್, ಆಚೆಗೆ ಆ ಅರಿವೇ ತಪ್ಪುವ ಸೈಕೋಸಿಸ್. ಆರೋಗ್ಯಕ್ಕೂ ಅನಾರೋಗ್ಯಕ್ಕೂ ನಡುವಿನ ಗೆರೆ ಅದಾಗಿರಲೇ ಇಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿಕೊಂಡಿತು. ಹಳೆಯ ಹೆಸರು ಹಾಗೆಯೇ ಉಳಿಯಿತು. ಕನ್ನಡದ ‘ವ್ಯಕ್ತಿತ್ವ ದೋಷ’ವಂತೂ ಜಾತಕವನ್ನು ನೆನಪಿಸುತ್ತದೆ; ‘ಅಸ್ವಸ್ಥತೆ’ ಎಂದರೆ ಸಾಕು.

ತನ್ನನ್ನು ತೊರೆದುಬಿಡುತ್ತಾರೆಂಬ ತೀವ್ರ ಭಯ ಈ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲೊಂದು. ಬೆಂಗಳೂರಿಗೆ ದಿನವೂ ಓಡಾಡುವ ಗಂಡನ ರೈಲು ಯಶವಂತಪುರದಲ್ಲೇ ತಡವಾಗಿ, ಫೋನಿನ ಚಾರ್ಜ್ ಕೂಡ ಮುಗಿದರೆ, ಕಾಯಿಲೆಯಿರುವ ಹೆಂಡತಿಗೆ ಅದು ತಾನು ಪರಿತ್ಯಕ್ತಳೆಂಬುದಕ್ಕೆ ಪುರಾವೆಯಾಗಿ ಕಾಣಬಹುದು. ಬೆಳಿಗ್ಗೆ ದೇವರಂತಿದ್ದವನು ರಾತ್ರಿಗೆ ದ್ರೋಹಿಯಾಗುತ್ತಾನೆ. ಗಂಡಸರಲ್ಲೂ ಇದು ಇರುತ್ತದೆ, ಆದರೆ ‘ಗಂಡಸಿನ ಕೋಪ’ ಎಂಬ ಹೆಸರಿನಲ್ಲಿ ಮರೆಯಾಗುತ್ತದೆ. ಇದನ್ನು ಬೈಪೋಲಾರ್ ಎನ್ನುವವರೂ ಇದ್ದಾರೆ; ಅಲ್ಲಿ ಉತ್ಸಾಹ-ಖಿನ್ನತೆಗಳ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ನಡೆದರೆ, ಇಲ್ಲಿಯದು ಸಾಮಾನ್ಯವಾಗಿ ಗಂಟೆಗಳ ಲೆಕ್ಕದ್ದು.

ಇಂಥವರೊಡನೆ ಬಾಳುವವರು ಭಾವನೆಯನ್ನು ಒಪ್ಪುವುದಕ್ಕೂ ಆರೋಪವನ್ನು ಒಪ್ಪುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. ‘ನೀನು ತುಂಬ ಹೆದರಿದ್ದೆ ಅಲ್ಲವೇ’ ಎನ್ನಬಹುದು. ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಕೂಗಾಟ ಮಿತಿಮೀರಿದಾಗ ‘ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೊರನಡೆಯಬಹುದು, ಆದರೆ ಹೇಳಿದ ಹೊತ್ತಿಗೆ ಮರಳಲೇಬೇಕು. ಜಗಳದ ನಡುವೆ ‘ನೀನು ಬಾರ್ಡರ್‌ಲೈನ್’ ಎಂದು ಚುಚ್ಚುವುದು ಕ್ರೌರ್ಯ. ಸಾಯುತ್ತೇನೆಂಬ ಮಾತನ್ನು ನಾಟಕವೆಂದು ತಳ್ಳಿಹಾಕದೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಹೊಡೆತ ಶುರುವಾದರೆ ಹೊಂದಾಣಿಕೆಯ ಪ್ರಶ್ನೆಯೇ ಇಲ್ಲ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು.

‘ಮಗುವಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಹಿರಿಯರ ಸಲಹೆ ಚಿಕಿತ್ಸೆಯಲ್ಲ. ಮಾತ್ರೆಗಳ ಪಾತ್ರ ಇಲ್ಲಿ ಸೀಮಿತ. ಮುಖ್ಯ ಚಿಕಿತ್ಸೆ ಮಾತಿನದು, ಅದರಲ್ಲೂ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ರೂಪಿಸಿದ, ತೀವ್ರ ಭಾವನೆಗಳನ್ನು ನಿಭಾಯಿಸುವ ಕೌಶಲ ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಹೆಸರಾದುದು. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ, ಮತ್ತು ಕಾಲಕ್ರಮದಲ್ಲಿ ಅನೇಕರ ತೀವ್ರ ಲಕ್ಷಣಗಳು ತಗ್ಗುತ್ತವೆ.