ಕಸುವಿಲ್ಲದವರ ಶ್ವಾಸಕೋಶ ಹುಡುಕುವ ಶಿಲೀಂಧ್ರ

1981ರ ಆರಂಭ. ಅಮೆರಿಕದ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಲ್ಲಿ ಸಾಂಡ್ರಾ ಫೋರ್ಡ್ ಅವರಿಗೆ ಅನುಮಾನ ಶುರುವಾಯಿತು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರ ತರುವ ನ್ಯುಮೋನಿಯಾಕ್ಕೆ ಕೊಡುವ ಪೆಂಟಾಮಿಡಿನ್ ಎಂಬ ಅಪರೂಪದ ಔಷಧಿ ಆ ದೇಶದಲ್ಲಿ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಅದನ್ನು ಡಾಕ್ಟರುಗಳಿಗೆ ಕಳಿಸಿಕೊಡುವುದು ಫೋರ್ಡ್ ಕೆಲಸ. ಕೇಳುವವರು ಸಾಮಾನ್ಯವಾಗಿ ಕಾರಣ ಹೇಳುತ್ತಿದ್ದರು: ರೋಗಿಗೆ ರಕ್ತದ ಕ್ಯಾನ್ಸರ್, ಇಲ್ಲವೇ ಅಂಗಾಂಗ ಕಸಿ. ಈಗ ನೋಡಿದರೆ ಅಂಥ ಯಾವ ಕಾಯಿಲೆಯೂ ಇಲ್ಲದ ಯುವಕರಿಗೆ ಕೇಳುತ್ತಿದ್ದರು. ಫೋರ್ಡ್ ಸುಮ್ಮನಿರಲಿಲ್ಲ. ಮೇಲಧಿಕಾರಿಗೆ ಬರೆದು ತಿಳಿಸಿದರು. ಜೂನ್ 5ರಂದು ಲಾಸ್ ಏಂಜಲೀಸಿನ ಐವರು ಯುವಕರ ಬಗ್ಗೆ ಸಿಡಿಸಿ ವರದಿ ಪ್ರಕಟಿಸಿತು. ಅಷ್ಟೊತ್ತಿಗೆ ಇಬ್ಬರು ತೀರಿಕೊಂಡಿದ್ದರು. ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯ ಮೊದಲ ಅಧಿಕೃತ ವರದಿ ಅದು.

ಐವರಿಗೂ ಇದ್ದದ್ದು ನ್ಯುಮೋಸಿಸ್ಟಿಸ್ ನ್ಯುಮೋನಿಯಾ. ಈ ಜೀವಿ ಹೊಸದೇನಲ್ಲ. 1909ರಲ್ಲೇ ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಶಾಗಸ್ ಕಣ್ಣಿಗೆ ಬಿದ್ದಿತ್ತು. ತಾವು ಆಗಷ್ಟೇ ಪತ್ತೆ ಹಚ್ಚಿದ್ದ ಪರಾವಲಂಬಿಯದ್ದೇ ಒಂದು ರೂಪ ಅಂದುಕೊಂಡರು ಅವರು. ಇದು ಬೇರೆಯೇ ಜೀವಿ ಎಂದು 1912ರಲ್ಲಿ ತೋರಿಸಿದ್ದು ಪ್ಯಾರಿಸ್‌ನ ದೆಲನೋ ದಂಪತಿ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಯುರೋಪಿನ ಅನಾಥಾಲಯಗಳಲ್ಲಿ ಹೊಟ್ಟೆಗಿಲ್ಲದೆ ಸೊರಗಿದ್ದ ಕೂಸುಗಳು ಇದಕ್ಕೆ ಬಲಿಯಾದವು. ಆಮೇಲೆ ಕ್ಯಾನ್ಸರ್ ಬಂದ ಮಕ್ಕಳು. ಗಟ್ಟಿಮುಟ್ಟಾದವರ ಶ್ವಾಸಕೋಶಕ್ಕೂ ಇದು ಗಾಳಿಯಲ್ಲಿ ಬರುತ್ತದೆ, ಆದರೆ ಅಲ್ಲಿ ಇದರ ಆಟ ನಡೆಯುವುದಿಲ್ಲ.

ತಡೆಯುವ ದಾರಿ ಸಿಕ್ಕಿದ್ದು 1977ರಲ್ಲಿ, ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ. ವಾಲ್ಟರ್ ಹ್ಯೂಸ್ ತಂಡ 80 ರೋಗಿಗಳಿಗೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟಿತು, 80 ಮಂದಿಗೆ ಔಷಧಿಯಿಲ್ಲದ ಮಾತ್ರೆ. ಎರಡನೇ ಗುಂಪಿನಲ್ಲಿ 17 ಮಂದಿಗೆ ನ್ಯುಮೋನಿಯಾ ಬಂತು. ಮೊದಲನೆಯದರಲ್ಲಿ ಒಬ್ಬರಿಗೂ ಇಲ್ಲ! ಬ್ಯಾಕ್ಟೀರಿಯಾಕ್ಕೆಂದು ಕೊಡುವ ಅಗ್ಗದ ಮಾತ್ರೆ ಅದು.

ಇದು ಶಿಲೀಂಧ್ರ ಅನ್ನೋದು ಖಚಿತವಾಗಿದ್ದು 1988ರಲ್ಲಿ, ಜೀನ್‌ಗಳನ್ನು ಹೋಲಿಸಿ ನೋಡಿದಾಗ. ಅಲ್ಲಿಯವರೆಗೆ ಪ್ರೋಟೋಜೋವಾ, ಅಂದರೆ ಅಮೀಬಾದಂಥ ಏಕಕೋಶ ಜೀವಿ ಎಂದೇ ಹೆಚ್ಚಿನವರು ನಂಬಿದ್ದರು. ಹಾಗೆ ನಂಬಿದ್ದಕ್ಕೆ ಕಾರಣವೂ ಇತ್ತು. ಶಿಲೀಂಧ್ರಗಳ ಜೀವಕೋಶದ ಪೊರೆಯಲ್ಲಿ ಸಾಮಾನ್ಯವಾಗಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇರುತ್ತದೆ, ಫ್ಲುಕೊನಜೋಲ್, ಆಂಫೊಟೆರಿಸಿನ್‌ನಂಥ ಔಷಧಿಗಳು ಅದಕ್ಕೇ ಪೆಟ್ಟು ಕೊಡುತ್ತವೆ. ಇದರಲ್ಲಿ ಅದೇ ಇಲ್ಲ. ಹಾಗಾಗಿ ಅವು ನಾಟುವುದಿಲ್ಲ. ಆದರೆ ಕೋ-ಟ್ರೈಮಾಕ್ಸಜೋಲ್, ಇದು ಬೆಳೆಯಲು ಬೇಕಾದ ಫೋಲೇಟ್ ಎಂಬ ವಿಟಮಿನ್ ತಯಾರಾಗದಂತೆ ಮಾಡಿ ಇದನ್ನು ಕಟ್ಟಿಹಾಕುತ್ತದೆ.

ಎಚ್‌ಐವಿಗೆ ಚಿಕಿತ್ಸೆ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳಲ್ಲೂ, ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳು ಕಡಿಮೆಯಿದ್ದವರಿಗೆ ಇದೇ ಮಾತ್ರೆ ಕೊಡುತ್ತಾರೆ. ಎಚ್‌ಐವಿ ಇಲ್ಲದವರಿಗೂ ಈ ಕಾಯಿಲೆ ಬರುತ್ತದೆ ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಜಾಸ್ತಿ ಪ್ರಮಾಣದ ಸ್ಟೀರಾಯ್ಡ್ ತಿಂಗಳುಗಟ್ಟಲೆ ತೆಗೆದುಕೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಕಿಮೋ ನಡೆಯುತ್ತಿರುವವರು ಈ ಮಾತ್ರೆ ತಮಗೂ ಬೇಕಾ ಎಂದು ಡಾಕ್ಟರನ್ನು ಕೇಳಬೇಕು. ಒಣಕೆಮ್ಮು, ಜ್ವರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು: ಎಚ್‌ಐವಿ ಇದ್ದವರಲ್ಲಿ ಇದು ವಾರಗಟ್ಟಲೆ ನಿಧಾನಕ್ಕೆ ಏರುತ್ತದೆ. ಉಳಿದವರಲ್ಲಿ ಕೆಲವೇ ದಿನಗಳಲ್ಲಿ ಉಸಿರಾಟ ಕೈಕೊಡಬಹುದು. ಅದಕ್ಕೇ ಗುಮಾನಿ ಬಲವಾಗಿದ್ದರೆ ಡಾಕ್ಟರುಗಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ.