ಕುತ್ತಿಗೆಗೆ ಹಾಕಿದ ಲೈನ್: ನಂಜು ಬರಲೇಬೇಕೆಂದಿಲ್ಲ

ಕಾಸರಗೋಡು ಕಡೆಯ ಎಷ್ಟೋ ಮನೆಯವರಿಗೆ ಐಸಿಯು ಅಂದರೆ ಮಂಗಳೂರೇ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಅದರ ಬಿಸಿ ಎಲ್ಲರಿಗೂ ತಟ್ಟಿತು. ಐಸಿಯು ಹೊರಗೆ ಕಾಯುವವರಿಗೆ ಮೊದಲ ದಿನವೇ ಸಿಗುವ ಸುದ್ದಿ, 'ಕುತ್ತಿಗೆಗೆ ಲೈನ್ ಹಾಕಿದ್ದೇವೆ'. ಲೈನ್ ಅಂದರೆ ದೊಡ್ಡ ರಕ್ತನಾಳಕ್ಕೆ ತೂರಿಸಿದ ತೆಳು ಪ್ಲಾಸ್ಟಿಕ್ ನಳಿಗೆ. ಕೆಲವರಿಗೆ ವಾರದೊಳಗೆ ಇನ್ನೊಂದು: 'ಇನ್‌ಫೆಕ್ಷನ್ ಆಗಿದೆ'.

ಬಿಪಿ ಏರಿಸುವ ಖಾರದ ಔಷಧಿಗಳನ್ನು ಕೈಯ ಸಣ್ಣ ರಕ್ತನಾಳ ಜಾಸ್ತಿ ಹೊತ್ತು ತಡೆಯುವುದಿಲ್ಲ. ಅದಕ್ಕೇ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ನಳಿಗೆ. ಆದರೆ ಚುಚ್ಚಿದ ಜಾಗದಲ್ಲಿ ಚರ್ಮದ ಬೇಲಿ ಮುರಿದಂತೆ. ಚರ್ಮದ ಮೇಲೆ ಸುಮ್ನೆ ಇದ್ದ ಬ್ಯಾಕ್ಟೀರಿಯಾ ನಳಿಗೆಯ ಹೊರಮೈ ಹಿಡಿದು ಒಳಗೆ ಇಳಿಯುತ್ತವೆ, ಪ್ಲಾಸ್ಟಿಕ್ಕಿಗೆ ಲೋಳೆಯಂತೆ ಅಂಟಿಕೊಳ್ಳುತ್ತವೆ. ಆ ಲೋಳೆಯೊಳಗೆ ಆ್ಯಂಟಿಬಯೋಟಿಕ್ ಸರಿಯಾಗಿ ನಾಟುವುದಿಲ್ಲ.

1929ರಲ್ಲಿ ಜರ್ಮನಿಯ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ನಳಿಗೆ ತೂರಿಸಿಕೊಂಡು, ಹಾಗೇ ನಡೆದು ಹೋಗಿ ಎಕ್ಸ್‌ರೇ ತೆಗೆಸಿಕೊಂಡ. 1953ರಲ್ಲಿ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ ತೆಳು ತಂತಿಯ ಮೇಲೆ ನಳಿಗೆ ಜಾರಿಸುವ ವಿಧಾನ ತಂದ. ಲೈನ್ ಹಾಕುವುದು ಸುಲಭವಾಯಿತು, ನಂಜೂ ಜೊತೆಗೇ ಬಂತು. ಐಸಿಯು ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ವೈದ್ಯರೇ ಒಪ್ಪಿಕೊಂಡ ಕಾಲ ಅದು.

1991ರಲ್ಲಿ ಅಮೆರಿಕದ ವೈದ್ಯ ಡೆನ್ನಿಸ್ ಮಾಕಿ ತಂಡ ಕ್ರಿಮಿ ಕೊಲ್ಲಲು ಚರ್ಮಕ್ಕೆ ಹಚ್ಚುವ ಮೂರು ದ್ರವಗಳನ್ನು ಹೋಲಿಸಿತು. ಅಯೋಡಿನ್, ಆಲ್ಕೋಹಾಲ್ ಎರಡಕ್ಕಿಂತ 2% ಕ್ಲೋರ್‌ಹೆಕ್ಸಿಡಿನ್ ಹಚ್ಚಿದಲ್ಲಿ ನಂಜು ಕಡಿಮೆ. 2015ರಲ್ಲಿ ಫ್ರಾನ್ಸಿನ ಐಸಿಯುಗಳಲ್ಲಿ ಅಯೋಡಿನ್, ಕ್ಲೋರ್‌ಹೆಕ್ಸಿಡಿನ್ ಎರಡಕ್ಕೂ ಆಲ್ಕೋಹಾಲ್ ಬೆರೆಸಿ ನೋಡಿದರು. ಲೈನ್ ಇದ್ದ ಪ್ರತಿ 1000 ದಿನಕ್ಕೆ ಅಯೋಡಿನ್ ಹಚ್ಚಿದಲ್ಲಿ 1.77 ಸೋಂಕು, ಕ್ಲೋರ್‌ಹೆಕ್ಸಿಡಿನ್ ಹಚ್ಚಿದಲ್ಲಿ 0.28. ಆದರೆ ಹಚ್ಚಿದ್ದು ತಾನಾಗಿ ಒಣಗಬೇಕು. ಅವಸರಕ್ಕೆ ಒರೆಸಿದರೆ ಹಚ್ಚಿಯೂ ದಂಡ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅಮೆರಿಕದ ಮಿಷಿಗನ್ನಿನ ಕತೆ. ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯ ಕೊಟ್ಟದ್ದು ಹೊಸ ಮದ್ದಲ್ಲ, ಒಂದು ಚೀಟಿ: ಕೈ ತೊಳೆ, ಮೈತುಂಬ ಶುದ್ಧ ಬಟ್ಟೆ ಹೊದಿಸು, ಕ್ಲೋರ್‌ಹೆಕ್ಸಿಡಿನ್ ಹಚ್ಚು, ಆದಷ್ಟು ತೊಡೆಸಂದಿಗೆ ಲೈನ್ ಹಾಕಬೇಡ, ಬೇಡವಾದ ಲೈನ್ ತೆಗೆ. ಒಂದು ಹೆಜ್ಜೆ ತಪ್ಪಿದರೂ ಡಾಕ್ಟರನ್ನು ತಡೆಯುವ ಅಧಿಕಾರ ನರ್ಸಿಗೆ. 2006ರ ವರದಿ ಪ್ರಕಾರ, ಮೂರೇ ತಿಂಗಳಲ್ಲಿ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಐಸಿಯುಗಳಲ್ಲಿ ಈ ಸೋಂಕು ಸೊನ್ನೆ. ಚೀಟಿ ನಮ್ಮಲ್ಲೂ ಗೋಡೆಗೆ ಅಂಟಿಸಬಹುದು. ದೊಡ್ಡ ಡಾಕ್ಟರಿಗೆ 'ಸರ್, ನಿಲ್ಲಿ' ಅನ್ನುವುದು ಸಿಸ್ಟರಿಗೆ ಅಷ್ಟು ಸುಲಭವಾ?

ಹಾಕಿದ ಮೇಲಿನ ಕೆಲಸವೂ ಇದೆ. ಪಾರದರ್ಶಕ ಡ್ರೆಸ್ಸಿಂಗನ್ನು 7 ದಿನಕ್ಕೊಮ್ಮೆ, ಬಟ್ಟೆಯದ್ದನ್ನು 2 ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ, ಅಂಚು ಎದ್ದರೆ ಆಗಲೇ. ಕುತ್ತಿಗೆಯಲ್ಲಿ ಡಯಾಲಿಸಿಸ್ ನಳಿಗೆ ಇಟ್ಟುಕೊಂಡು ಪೆರ್ಲ, ಬದಿಯಡ್ಕಕ್ಕೆ ಬಸ್ಸಿನಲ್ಲಿ ಮರಳುವವರಿಗೆ ಏಪ್ರಿಲ್ ಬೆವರೇ ಸಾಕು ಅಂಚು ಏಳಲು. ಸ್ನಾನದ ನೀರು ಅಲ್ಲಿಗೆ ತಾಗಬಾರದು. ಚಳಿ ಜ್ವರ ಬಂದರೆ ಮಾತ್ರೆ ನುಂಗಿ ಮುಂದಿನ ಡಯಾಲಿಸಿಸ್‌ವರೆಗೆ ಕಾಯದೆ ಅವತ್ತೇ ಯೂನಿಟ್ಟಿಗೆ ಫೋನ್ ಮಾಡಬೇಕು.