ಜೆ.ಸಿ. ರೋಡಿಗೆ ಹೋಗುವ ಮುಂಚೆ ಒಂದಿಷ್ಟು ವ್ಯಾಟ್-ವೋಲ್ಟ್ ಲೆಕ್ಕ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕಾರಿಗೆ ಏನು ಸಿಗುತ್ತೆ ಅಂತ ಕೇಳುವುದಕ್ಕಿಂತ ಏನು ಸಿಗೋದಿಲ್ಲ ಅಂತ ಕೇಳುವುದೇ ಸುಲಭ. ಹಾರ್ನು, ಸೀಟ್ ಕವರು, ಸ್ಪೀಕರು, ಅಲಾಯ್ ವೀಲು, ಡ್ಯಾಶ್‌ಬೋರ್ಡಿನ ಕೆಳಗೆ ಅಂಟಿಸುವ ನೀಲಿ ದೀಪ. "ಹಾಕ್ಸ್ಕೊಳ್ಳಿ ಸಾರ್, ಗಾಡಿ ಬೇರೆ ಥರಾನೇ ಆಗುತ್ತೆ" ಅನ್ನುವ ಮಾತು ಪ್ರತಿ ಅಂಗಡಿಯಲ್ಲೂ ಕೇಳುತ್ತದೆ. ಆಗುತ್ತೆ, ನಿಜ. ಆದರೆ ಹೇಗೆ ಬೇರೆ ಆಗುತ್ತೆ ಅನ್ನುವುದು ಪ್ರಶ್ನೆ.

ದಿನಾ ಆಫೀಸಿಗೆ, ಹಬ್ಬಕ್ಕೆ ಊರಿಗೆ ಓಡಿಸುವ ಸಣ್ಣ ಕಾರಿಗೆ ಹದಿನೈದು ಇಪ್ಪತ್ತು ಸಾವಿರ ಖರ್ಚು ಮಾಡುವವರಿಗೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಯಾವ ವಸ್ತು ಕೈಗೆ ಕೊಟ್ಟರೂ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ? ಅರ್ಧದಷ್ಟು ಸಾಮಾನು ಅಲ್ಲೇ ಕೌಂಟರಿನ ಮೇಲೆ ಉಳಿಯುತ್ತದೆ.

ಮೊದಲು ಟೈರು. ಸುಮಾರು 950 ಕೆ.ಜಿ. ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಅದರಲ್ಲಿ 2.3 ಲಕ್ಷ ಜೂಲ್‌ಗೂ ಜಾಸ್ತಿ ಚಲನಶಕ್ತಿ ಇರುತ್ತದೆ. ಬ್ರೇಕ್ ಒತ್ತಿದಾಗ ಅದೆಲ್ಲ ಶಾಖವಾಗಿ ಹೋಗಬೇಕು. ಬ್ರೇಕ್ ಚಕ್ರವನ್ನು ಹಿಡಿಯುತ್ತದೆ ಅಷ್ಟೆ. ಕಾರನ್ನು ನಿಲ್ಲಿಸುವುದು ರಸ್ತೆಗೂ ಟೈರಿಗೂ ಇರುವ ಹಿಡಿತ. ಆ ಹಿಡಿತ ಇರುವುದು ಪ್ರತಿ ಟೈರಿನಲ್ಲೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಈ ಹಿಡಿತವನ್ನು ಅಳೆಯುವ ಘರ್ಷಣೆಯ ಗುಣಾಂಕ 0.7 ಇದ್ದರೆ 80ರಿಂದ ನಿಲ್ಲುವುದಕ್ಕೆ 36 ಮೀಟರ್ ಬೇಕು. ಅದು 0.5ಕ್ಕೆ ಇಳಿದರೆ 50 ಮೀಟರ್. ಬ್ರೇಕು ಅದೇ, ಡ್ರೈವರೂ ಅವರೇ. 14 ಮೀಟರ್ ಅಂದರೆ ಮೂರೂವರೆ ಕಾರಿನ ಉದ್ದ. ಜುಲೈ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಅಗಲವಾದ ಟೈರು ಹಾಕಿಸಿಬಿಟ್ಟರೆ ಆಯಿತು ಅಂತಲ್ಲ. ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿಕೊಳ್ಳಿ. 165/80 R14 ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 80, ರಿಮ್ 14 ಇಂಚು. ಗುಣಿಸಿ ಕೂಡಿದರೆ ಇಡೀ ಚಕ್ರದ ಅಡ್ಡಳತೆ ಸುಮಾರು 620 ಮಿ.ಮೀ. ಈಗ 185/65 R15 ಲೆಕ್ಕ ಹಾಕಿ. ಸುಮಾರು 621 ಬರುತ್ತದೆ. ಅಗಲ 20 ಮಿ.ಮೀ. ಜಾಸ್ತಿ, ರಿಮ್ ಒಂದು ಇಂಚು ದೊಡ್ಡದು, ಚಕ್ರದ ಎತ್ತರ ಮಾತ್ರ ಹಾಗೇ ಇದೆ. ಸ್ಪೀಡೋಮೀಟರಿಗೂ, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ಗೂ ಗೊತ್ತೇ ಆಗುವುದಿಲ್ಲ. ಒಂದೇ ಕಾರಿನ ಕಡಿಮೆ ಬೆಲೆಯ ಮಾದರಿಗೂ ದುಬಾರಿ ಮಾದರಿಗೂ ಕಂಪನಿಯವರೇ ಇಂಥ ಜೋಡಿ ಅಳತೆಗಳನ್ನು ಕೊಡುವುದುಂಟು. ನಿಮ್ಮ ಕಾರಿನ ಮೇಲಿನ ಮಾದರಿಗೆ ಯಾವ ಟೈರು ಬರುತ್ತದೋ ಅಲ್ಲಿಯವರೆಗೆ ಹೋಗಿ, ಅಲ್ಲಿಗೆ ನಿಲ್ಲಿಸಿ. ಅಡ್ಡಳತೆ ಶೇ. 5 ಜಾಸ್ತಿಯಾದರೆ ಮುಳ್ಳು 60 ತೋರಿಸುವಾಗ ಕಾರು 63ರಲ್ಲಿ ಓಡುತ್ತಿರುತ್ತದೆ.

ಅಗಲಕ್ಕೂ ಒಂದು ಬೆಲೆ ಇದೆ. ಟೈರು ಉರುಳುವಾಗ ರಬ್ಬರು ಅಮುಕಿ, ಬಿಟ್ಟು, ಮತ್ತೆ ಅಮುಕಿ ಬಿಸಿಯಾಗುತ್ತದೆ. ಜನ ಕೂತ ಸಣ್ಣ ಕಾರು 80ರಲ್ಲಿ ಹೋಗುವಾಗ ಬರೀ ಇದಕ್ಕೇ ಎರಡು ಎರಡೂವರೆ ಕಿಲೋವ್ಯಾಟ್, ಅಂದರೆ ಸುಮಾರು ಮೂರು ಎಚ್.ಪಿ. ಹೋಗುತ್ತದೆ. ಅಗಲ ಜಾಸ್ತಿಯಾದಂತೆ ಸಾಮಾನ್ಯವಾಗಿ ಈ ನಷ್ಟವೂ ಚೂರು ಏರುತ್ತದೆ. ಗಾಳಿ ಕಡಿಮೆ ಇದ್ದರಂತೂ ಏರೇ ಏರುತ್ತದೆ. ಹಾಗಾಗಿ ನನ್ನ ಕೇಳಿದರೆ ಮೊದಲ ಅಪ್‌ಗ್ರೇಡ್ ಅಂದರೆ ಕೆಲವು ನೂರು ರೂಪಾಯಿಯ ಒಂದು ಪ್ರೆಶರ್ ಗೇಜ್. ಇನ್ನೊಂದು ಮಾತು: ಹೊಸ ಟೈರು ಕೊಳ್ಳುವಾಗ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾಗಿದ್ದು. ಅಂಗಡಿಯವರು "ಫ್ರೆಶ್ ಸ್ಟಾಕ್ ಸಾರ್" ಅಂದರೂ ಬಗ್ಗಿ ನೋಡುವುದು ವಾಸಿ.

ಈಗ ಹೆಡ್‌ಲೈಟು. ದುಡ್ಡು ಕೊಟ್ಟು ಬೇರೆಯವರ ಕಣ್ಣು ಕೆಡಿಸುವ ಕೆಲಸ ಇಲ್ಲೇ ಜಾಸ್ತಿ. ಸಣ್ಣ ಕಾರುಗಳಲ್ಲಿ ಬಹಳ ಕಾಲದಿಂದ ಇರುವುದು ಎಚ್4 ಹ್ಯಾಲೊಜೆನ್ ಬಲ್ಬು. ಅದರೊಳಗೆ ಎರಡು ತಂತಿಗಳಿರುತ್ತವೆ, ಒಂದು ಹೈ ಬೀಮಿಗೆ, ಒಂದು ಲೋ ಬೀಮಿಗೆ. ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ (ಗಾಜು ಮುಟ್ಟಬೇಡಿ, ಬೆರಳಿನ ಎಣ್ಣೆ ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ) ಲೋ ಬೀಮ್ ತಂತಿಯ ಕೆಳಗೆ ಒಂದು ಪುಟಾಣಿ ಲೋಹದ ಬಟ್ಟಲು ಕಾಣುತ್ತದೆ. ಕೆಳಗೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹೀಗಾಗಿ ರಿಫ್ಲೆಕ್ಟರಿನ ಮೇಲಿನ ಭಾಗ ಮಾತ್ರ ಬೆಳಕನ್ನು ರಸ್ತೆಯತ್ತ ಬಗ್ಗಿಸುತ್ತದೆ, ಎದುರಿನವರ ಕಣ್ಣಿಗೆ ಏನೂ ಹೋಗುವುದಿಲ್ಲ. ರಿಫ್ಲೆಕ್ಟರಿನ ಪ್ರತಿ ಬಾಗೂ ಆ ತಂತಿ ಇರುವ ಜಾಗಕ್ಕೆ ಹೊಂದಿಸಿಯೇ ಮಾಡಿದ್ದು.

ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಏನಾಗುತ್ತೆ? ಹ್ಯಾಲೊಜೆನ್ ತಂತಿ ಸುತ್ತಲೂ ಬೆಳಕು ಚೆಲ್ಲುತ್ತದೆ. ಎಲ್‌ಇಡಿ ಚಿಪ್ಪುಗಳು ಒಂದು ಪಟ್ಟಿಯ ಎರಡು ಬದಿಗೆ ಅಂಟಿಕೊಂಡಿರುತ್ತವೆ, ಪಟ್ಟಿಗೂ ಒಂದು ದಪ್ಪ ಇರುತ್ತದೆ. ಬೆಳಕಿನ ಮೂಲ ಮಿಲಿಮೀಟರ್ ಲೆಕ್ಕದಲ್ಲಿ ಆಚೀಚೆ ಆದರೂ ರಸ್ತೆಯ ಮೇಲೆ ಅದು ಮೀಟರ್ ಲೆಕ್ಕದಲ್ಲಿ ಚದುರುತ್ತದೆ. ಕಾರಿನ ಮುಂದೆ ಹತ್ತು ಮೀಟರ್ ಹಗಲಾದಂತೆ ಬೆಳ್ಳಗೆ ಕಾಣುತ್ತದೆ, ಖುಷಿಯೂ ಆಗುತ್ತದೆ. ಆದರೆ ದೂರದ ಗುಂಡಿ ಕಾಣುವುದಿಲ್ಲ, ಎದುರಿನ ಬೈಕಿನವರಿಗೆ ರಸ್ತೆಯೇ ಕಾಣುವುದಿಲ್ಲ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದು ಸುಮ್ನೆ ಅಲ್ಲ. ಇನ್ನು ಡಬ್ಬಿಯ ಮೇಲಿನ "20,000 ಲ್ಯೂಮೆನ್" ಅನ್ನುವ ಬರಹ (ಲ್ಯೂಮೆನ್ ಅಂದರೆ ಬೆಳಕಿನ ಅಳತೆ). ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಅಂತ ಇಟ್ಟುಕೊಂಡರೆ 200 ವ್ಯಾಟ್ ಬೇಕು. ಅಷ್ಟನ್ನು ಎಳೆದರೆ ಆ ಸಣ್ಣ ಫ್ಯಾನು ಶಾಖ ತಡೆಯುವುದಿರಲಿ, ಫ್ಯೂಸೇ ಹಾರುತ್ತದೆ.

"ಹಾಗಾದ್ರೆ 100/90 ಹ್ಯಾಲೊಜೆನ್ ಹಾಕಿ ಸಾರ್" ಅನ್ನುತ್ತಾರೆ. ಕಂಪನಿ ಬಲ್ಬು 60/55 ವ್ಯಾಟಿನದು, ಅಂದರೆ ಹೈ ಬೀಮಿಗೆ 60, ಲೋ ಬೀಮಿಗೆ 55. 12 ವೋಲ್ಟಿನಲ್ಲಿ 60 ವ್ಯಾಟಿಗೆ 5 ಆಂಪಿಯರ್ ಹರಿದರೆ 100 ವ್ಯಾಟಿಗೆ 8.3 ಹರಿಯುತ್ತದೆ. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಎರಡೂಮುಕ್ಕಾಲು ಪಟ್ಟಾಗುತ್ತದೆ. ಸ್ವಿಚ್ಚು, ಹೋಲ್ಡರಿನ ಪ್ಲಾಸ್ಟಿಕ್ಕು ಯಾವುದೂ ಅದಕ್ಕೆ ಮಾಡಿದ್ದಲ್ಲ.

ಕಡಿಮೆ ಖರ್ಚಿನ ಸರಿಯಾದ ದಾರಿ ಬೇರೆ ಇದೆ. ಹ್ಯಾಲೊಜೆನ್ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು, ತೆಳು ವೈರು, ತುಕ್ಕು ಹಿಡಿದ ಅರ್ತ್ ದಾಟಿ ಬಲ್ಬಿಗೆ 12 ಮಾತ್ರ ತಲುಪಿದರೆ ಮೂರರಲ್ಲಿ ಒಂದು ಪಾಲು ಬೆಳಕು ದಾರಿಯಲ್ಲೇ ಹೋಯಿತು. ಎಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಬ್ಯಾಟರಿಯಲ್ಲೊಮ್ಮೆ, ಬಲ್ಬಿನ ಹಿಂದೊಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. ವ್ಯತ್ಯಾಸ ದೊಡ್ಡದಿದ್ದರೆ ಒಂದು ರಿಲೇ ಕಿಟ್ ಹಾಕಿಸಿ. ಆಗ ಹಳೆಯ ಸ್ವಿಚ್ಚಿನಲ್ಲಿ ಸಣ್ಣ ಕರೆಂಟು ಮಾತ್ರ ಹೋಗುತ್ತದೆ. ಬಲ್ಬಿನ ಕರೆಂಟು ದಪ್ಪ ವೈರಿನಲ್ಲಿ, ಫ್ಯೂಸ್ ದಾಟಿ, ಬ್ಯಾಟರಿಯಿಂದ ನೇರ ಬರುತ್ತದೆ. ಬಲ್ಬು ಹಳೆಯದೇ, ಬೆಳಕು ಹೊಸದು. ಲೈಟನ್ನು ಕಂಪ್ಯೂಟರೇ ಆಡಿಸುವ ಹೊಸ ಕಾರುಗಳಲ್ಲಿ ಮಾತ್ರ ಸರ್ವಿಸ್ ಸೆಂಟರಿನಲ್ಲಿ ಕೇಳದೆ ಕೈ ಹಾಕಬೇಡಿ. ಐದಾರು ವರ್ಷ ಬಿಸಿಲು ಕುಡಿದು ಹಳದಿಯಾದ ಲೆನ್ಸನ್ನು ಪಾಲಿಶ್ ಮಾಡಿಸುವುದಂತೂ ಇದಕ್ಕೂ ಮುಂಚೆ ಆಗಬೇಕಾದ ಕೆಲಸ.

ಮ್ಯೂಸಿಕ್ ಸಿಸ್ಟಮ್ಮಿಗೆ ಬರೋಣ. ಸ್ಟೀರಿಯೋ ಮೇಲೆ "50 ವ್ಯಾಟ್ x 4" ಅಂತ ಬರೆದಿರುತ್ತಾರಲ್ಲ, ಆ 50 ಎಲ್ಲಿಂದ ಬಂತು? ಎಂಜಿನ್ ಓಡುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸ್ಪೀಕರಿನ ತಡೆ 4 ಓಮ್. 14.4ನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿ, 52 ಬರುತ್ತದೆ. ಆದರೆ ಇದು ಪೂರ್ತಿ 14.4 ವೋಲ್ಟನ್ನು ಸತತವಾಗಿ ಸ್ಪೀಕರಿಗೆ ತುರುಕಿದಾಗಿನ ಮಾತು. ಅದು ಸಂಗೀತವಲ್ಲ, ಗೊರ ಗೊರ ಸದ್ದು. ಸ್ವಚ್ಛ ಸ್ವರದ ಅಲೆಗೆ ಸಿಗುವುದು ಅದರ ಅರ್ಧ, 26 ವ್ಯಾಟ್. ಚಿಪ್ಪಿನೊಳಗಿನ ನಷ್ಟ ಕಳೆದರೆ ಅದೂ ಉಳಿಯುವುದಿಲ್ಲ. ಆಂಪ್ಲಿಫೈಯರ್ ಇಲ್ಲದೆ ಯಾವ ಬ್ರ್ಯಾಂಡಿನ ಸ್ಟೀರಿಯೋ ಕೂಡ ಈ ಗೋಡೆ ದಾಟುವುದು ಕಷ್ಟ. ಅಲ್ಲದೆ ಪವರ್ ದುಪ್ಪಟ್ಟು ಮಾಡಿದರೂ ಶಬ್ದ ಏರುವುದು 3 ಡೆಸಿಬೆಲ್ ಅಷ್ಟೆ. ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸುವಷ್ಟು.

ಅದಕ್ಕೇ ದುಡ್ಡನ್ನು ಬಾಗಿಲಿಗೆ ಹಾಕಿ ಅಂತೀನಿ. ಸಣ್ಣ ಕಾರಿನ ಬಾಗಿಲ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಡಣ್ ಅನ್ನುತ್ತದೆ. ಸ್ಪೀಕರು ಕೂತಿರುವುದು ಈ ಡಬ್ಬಿಯಲ್ಲಿ. ಕೋನ್ ಮುಂದೆ ತಳ್ಳಿದ ಗಾಳಿ ಬಾಗಿಲಿನ ತೂತುಗಳಿಂದ ಹಿಂದಿನ ಗಾಳಿಯ ಜೊತೆ ಸೇರಿ ಬೇಸ್ ಅಲ್ಲೇ ಸತ್ತುಹೋಗುತ್ತದೆ. ಒಳಗಿನ ತಗಡಿಗೆ ಬ್ಯುಟೈಲ್ ಶೀಟ್ (ಅಂಟು ರಬ್ಬರಿನ ಹಾಳೆ) ಅಂಟಿಸಿ, ದೊಡ್ಡ ತೂತುಗಳನ್ನು ಮುಚ್ಚಿ. ತಳದಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಬಿಡಿ, ಇಲ್ಲದಿದ್ದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಆಮೇಲೆ ತಟ್ಟಿದರೆ ದಬ್ ಅನ್ನುತ್ತದೆ. ತಗಡಿನ ಕಂಪನ ಶೀಟಿನಲ್ಲಿ ಶಾಖವಾಗಿ ಕರಗಿಹೋಯಿತು. ಇಡೀ ಬಾಗಿಲು ಮುಚ್ಚಬೇಕಾಗಿಲ್ಲ, ಅಗಲವಾದ ತಗಡಿನ ನಡುವೆ ಒಂದಷ್ಟು ಪಟ್ಟಿ ಸಾಕು. ಹಳೆಯ ಸ್ಪೀಕರೇ ಎಷ್ಟೋ ವಾಸಿ ಅನ್ನಿಸುತ್ತದೆ, ರಸ್ತೆ ಸದ್ದೂ ಚೂರು ತಗ್ಗುತ್ತದೆ.

ಮೈಲೇಜ್ ಏರಿಸುವ ಆಯಸ್ಕಾಂತ, ಲೈಟರ್ ಸಾಕೆಟ್ಟಿಗೆ ಚುಚ್ಚುವ "ಫ್ಯೂಯೆಲ್ ಸೇವರ್" ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂದಿನ ಎಂಜಿನ್ನಿನಲ್ಲಿ ಪೆಟ್ರೋಲ್ ಈಗಲೇ ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. ನಷ್ಟ ಆಗುವುದು ರೇಡಿಯೇಟರಿನ ಮತ್ತು ಸೈಲೆನ್ಸರಿನ ಶಾಖದಲ್ಲಿ. ಪೈಪಿಗೆ ಕಟ್ಟಿದ ಆಯಸ್ಕಾಂತಕ್ಕೆ ಅಲ್ಲೇನು ಕೆಲಸ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ. ಹೆಚ್ಚಿನವು ಟುಸ್ ಅಂದವು. ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿರುವ ಸಾಮಾನು, ಖಾಲಿ ಇದ್ದರೂ ಬಿಚ್ಚದ ರೂಫ್ ಕ್ಯಾರಿಯರ್ ತೆಗೆದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ, ಅದೂ ಬಿಟ್ಟಿ.

ಗಾಜಿನ ಫಿಲ್ಮ್ ವಿಷಯದಲ್ಲಿ ಜನ ಕಪ್ಪನ್ನು ತಂಪು ಅಂದುಕೊಳ್ಳುತ್ತಾರೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಕಪ್ಪು ಫಿಲ್ಮ್ ಮುಖ್ಯವಾಗಿ ತಡೆಯುವುದು ಕಾಣುವ ಬೆಳಕನ್ನು, ಅಂದರೆ ರಾತ್ರಿ ನಿಮಗೆ ಬೇಕಾದ್ದನ್ನೇ. ಅವಕೆಂಪನ್ನು ತಡೆಯುವ, ನೋಡಲು ತಿಳಿಯಾಗಿರುವ ಫಿಲ್ಮ್ ತಂಪಿಗೆ ಸರಿ. ಕಾನೂನು ಕೇಳುವುದು ಮುಂದಿನ ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ದಾಟಬೇಕು ಅಂತ. ಫಿಲ್ಮ್ ಅಂಟಿಸುವುದನ್ನೇ 2012ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತ್ತು. ಆಮೇಲೆ ನಿಯಮ ತಿದ್ದುಪಡಿಯಾಗಿದ್ದರೂ ಸಿಗ್ನಲ್ಲಿನಲ್ಲಿ ವಾದ ಮಾಡುವ ಪುರುಸೊತ್ತು ಇದ್ದವರಷ್ಟೇ ಅಂಟಿಸಿಕೊಳ್ಳಲಿ.

ಮುಂದಿನ ಬುಲ್ ಬಾರ್ ಬೇಡವೇ ಬೇಡ. ಬಂಪರ್ ಮತ್ತು ಚಾಸಿಸ್ಸಿನ ಮುಂಭಾಗ ಮಡಚಿಕೊಂಡು ಶಕ್ತಿ ಹೀರಲಿ ಅಂತಲೇ ಮಾಡಿರುವಾಗ ಅದರ ಮುಂದೆ ಗಟ್ಟಿ ಕಬ್ಬಿಣ ಕಟ್ಟಿದರೆ ಪೆಟ್ಟು ನೇರ ಒಳಗೆ ಬರುತ್ತದೆ. ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವೂ ತಪ್ಪಬಹುದು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿತ್ತು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಸೀಟ್ ಕವರ್ ಹಾಕಿಸುವವರು ಆ ಬದಿಯ ಹೊಲಿಗೆ ಏರ್‌ಬ್ಯಾಗಿಗೆ ದಾರಿ ಬಿಡುವಂಥದ್ದೇ ಅಂತ ಖಚಿತಪಡಿಸಿಕೊಳ್ಳಿ.

ಡ್ಯಾಶ್‌ಕ್ಯಾಮ್ ಮಾತ್ರ ಹಾಕಿಸಿ ಅಂತ ಧಾರಾಳವಾಗಿ ಹೇಳುತ್ತೇನೆ. ಅದರಲ್ಲೂ ವ್ಯಾಟ್ ಲೆಕ್ಕ ಒಂದು ಇದೆ. ಕಾರು ನಿಂತಾಗಲೂ ಕಾಯುವ ಕ್ಯಾಮೆರಾ 3 ವ್ಯಾಟ್ ಎಳೆದರೆ ಗಂಟೆಗೆ ಕಾಲು ಆಂಪಿಯರ್-ಅವರ್, ದಿನಕ್ಕೆ 6. ಸಣ್ಣ ಕಾರಿನ ಬ್ಯಾಟರಿ 35ರದ್ದು. ದಸರಾ ರಜೆಗೆ ರೈಲಿನಲ್ಲಿ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಸ್ಟಾರ್ಟರ್ ಟಕ್ ಟಕ್ ಅನ್ನುವುದೊಂದೇ ಬಾಕಿ. ಅಂಗಡಿಯಲ್ಲಿ ನಿಂತು, ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದಲೇ ಎಳೆಸಿ. ವೈರು ಸಿಪ್ಪೆ ಸುಲಿದು ಟೇಪು ಸುತ್ತಲು ಹೊರಟರೆ ಬೇಡ ಅನ್ನಿ. ವೈರು ಸುಲಿಯದೆ ಫ್ಯೂಸಿನ ಜಾಗದಿಂದಲೇ ಕರೆಂಟು ತೆಗೆಯುವ ಫ್ಯೂಸ್ ಟ್ಯಾಪ್ ಅಂತ ಒಂದು ಸಣ್ಣ ಸಾಮಾನು ಅದೇ ಬೀದಿಯಲ್ಲಿ ಸಿಗುತ್ತದೆ.